ಮೂವತ್ತೊಂದು ವರ್ಷದ ಡಾಂಬರು

ಡಾಂಬರು ಎಷ್ಟು ವರ್ಷ ಬಾಳುತ್ತದೆ ಎಂದು ನಮ್ಮೂರಿನಲ್ಲಿ ಸುಮ್ಮನೆ ಯಾರೂ ಕೇಳುವುದಿಲ್ಲ. ಕೇಳಿದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ. ಮಾತು ಕೊಡುವ ಮುಂಚೆ ಕೇಳುವವರು ಕೆಲವರು, ಕೊಟ್ಟು ಕೈ ಸುಟ್ಟುಕೊಂಡ ಮೇಲೆ ಕೇಳುವವರೇ ಹೆಚ್ಚು. ಮೊದಲನೆಯವರಿಗೆ ನಾನು, ಇಪ್ಪತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ಮೂವತ್ತು, ಎನ್ನುತ್ತೇನೆ. ಎರಡನೆಯವರಿಗೂ ಅದನ್ನೇ ಹೇಳುತ್ತೇನೆ, ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ನಮ್ಮಲ್ಲಿ ಗೇಟಿನಿಂದ ಬಾಗಿಲತನಕ ಹೊಸ ಡಾಂಬರು ಹಾಕಿಸಿದ ದಿನ, ಅದರ ಬಿಸಿ ಆರುವ ಮುಂಚೆ ಅದರ ಮೇಲೆ ನಿಂತು ಏನು ಮಾತು ಕೊಡುತ್ತೀರೋ ಅದು ಆ ಡಾಂಬರು ಇರುವತನಕ ನಡೆದೇ ನಡೆಯುತ್ತದೆ. ಬೀಡಿ ಬಿಟ್ಟೆ ಎಂದವನ ಕೈಯಲ್ಲಿ ಬೆಂಕಿಕಡ್ಡಿ ಹತ್ತುವುದಿಲ್ಲ. ಅಳಿಯನ ಮನೆಗೆ ಕಾಲಿಡುವುದಿಲ್ಲ ಎಂದ ಮಾವನ ಕಾಲು ಆ ಬೀದಿಯ ತಿರುವಿನಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮದುವೆಗೆ, ಪಾಲಿಗೆ, ರಾಜಿಗೆ, ಎಲ್ಲಕ್ಕೂ ಮೊದಲು ಡಾಂಬರಿನವನಿಗೆ ಹೇಳಿಕಳಿಸುವುದು ಊರಿನ ಪದ್ಧತಿ. ಹಾರೆ ಹಾಕಿ ಒಡೆದರೆ ಲೆಕ್ಕಕ್ಕಿಲ್ಲ, ಡಾಂಬರು ತಾನಾಗಿ ಮುಗಿಯಬೇಕು. ಸಿಹಿ ಮುಟ್ಟುವುದಿಲ್ಲ ಎಂದಿದ್ದ ಟೈಲರ್ ಗುರುಬಸಪ್ಪ ಒಂದು ಯುಗಾದಿಯ ದಿನ ತಡೆಯಲಾರದೆ ತನ್ನ ದಾರಿಯನ್ನು ತಾನೇ ಕಿತ್ತುಹಾಕಿದ. ಅವತ್ತಿನಿಂದ ಅವನಿಗೆ ಸಕ್ಕರೆಯೂ ಡಾಂಬರಿನ ರುಚಿ. ದಾರಿಯನ್ನು ಹಾಳುಬಿಡುವುದೂ ಮರ್ಯಾದಸ್ಥರ ಲಕ್ಷಣವಲ್ಲ. ಗೇಟಿನ ಒಳಗೆ ಹುಲ್ಲು ಬೆಳೆದದ್ದು ಕಂಡರೆ, ಇವನು ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆದ್ದರಿಂದ ನಮ್ಮ ಜನ ಹಲ್ಲಿಗಿಂತ ಹೆಚ್ಚಾಗಿ ದಾರಿಯನ್ನು ನೋಡಿಕೊಳ್ಳುತ್ತಾರೆ, ನನ್ನ ಹೊಟ್ಟೆಪಾಡು ನಡೆಯುತ್ತದೆ.

ನನ್ನ ಹೆಸರು ತಿರುಮಲೇಶ. ಕೆಲಸ ಕಲಿಸಿದ್ದು ನನ್ನ ಅಪ್ಪ ಚೌಡಪ್ಪ. ಡಾಂಬರಿನ ಆಯಸ್ಸು ಇರುವುದು ಡಾಂಬರಿನಲ್ಲಲ್ಲ, ಅಡಿಯ ಜಲ್ಲಿಯಲ್ಲಿ ಎನ್ನುತ್ತಿದ್ದರು ಅವರು. ಜಲ್ಲಿಯನ್ನು ಸರಿಯಾಗಿ ಹಾಸಿ ಬಡಿಯದವನು ಮೇಲೆ ಚಿನ್ನ ಸುರಿದರೂ ಐದು ವರ್ಷಕ್ಕೆ ಮೊಸಳೆ ಚರ್ಮದ ಹಾಗೆ ಬಿರುಕು ಬಿಡುತ್ತದೆ. ನೀರು ನಿಲ್ಲಬಾರದು, ಒಂದು ಕಡೆಗೆ ಇಳಿಜಾರು ಇರಬೇಕು. ಬಿರುಕು ಕೂದಲಿನಷ್ಟಿರುವಾಗಲೇ, ಮಳೆಗಾಲಕ್ಕೆ ಮುಂಚೆ, ತಂತಿ ಬ್ರಶ್ಶಿನಿಂದ ಉಜ್ಜಿ ತುಂಬಿಬಿಡಬೇಕು. ಮೂರು ವರ್ಷಕ್ಕೊಮ್ಮೆ ಮೇಲೆ ಒಂದು ತೆಳು ಲೇಪ ಕೊಡಬೇಕು. ವರ್ಷವರ್ಷವೂ ಬಳಿದರೆ ಸಿಪ್ಪೆ ಏಳುತ್ತದೆ, ಕೆಲವು ಗಿರಾಕಿಗಳಿಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಸ್ಕೂಟರಿನ ಎಣ್ಣೆ ಸೋರಿದರೆ ಅವತ್ತೇ ಒರೆಸಬೇಕು. ಮರದ ಬೇರನ್ನು ಹತ್ತಿರ ಬಿಟ್ಟುಕೊಳ್ಳಬಾರದು. ಇಷ್ಟೇ ವಿದ್ಯೆ. ಹೊಸದಾಗಿ ಹಾಕಿದ ಡಾಂಬರಿಗಾಗಲಿ, ಹಳತಕ್ಕೆ ಹಾಕಿದ ತೇಪೆಗಾಗಲಿ ಮೂಲೆಯಲ್ಲಿ ನಮ್ಮ ಕಬ್ಬಿಣದ ಮುದ್ರೆ ಒತ್ತಿ ಬರುತ್ತೇವೆ. ಅಪ್ಪನ ಮುದ್ರೆ ಗುಂಡಗೆ, ನನ್ನದು ಮೂರು ಮೂಲೆಯದು. ಇನ್ನು ನನ್ನ ಮನೆಯ ಮುಂದೆ ಏನಿದೆ ಎಂದು ಕೇಳುವಿರಾದರೆ, ಬರೀ ಮಣ್ಣು. ಮಾತು ಕೊಡುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ, ನನ್ನ ಹೆಂಡತಿ ಅದಕ್ಕಾಗಿ ನನ್ನನ್ನು ಕ್ಷಮಿಸಿಯೂ ಇಲ್ಲ.

ಅಪ್ಪ ತಮ್ಮ ಆಯುಷ್ಯದಲ್ಲಿ ಹಾಕಿದ ಅತ್ಯುತ್ತಮ ಡಾಂಬರು ಬಸದಿ ಹಿಂದಿನ ಬೀದಿಯ ಚಂಪಕ್ಕ ಮತ್ತು ಧರಣೇಂದ್ರ ಎಂಬ ಅಕ್ಕ ತಮ್ಮಂದಿರ ಮನೆಯದು. ಚಂಪಾವತಿ ಟೀಚರ್ ಎಂದರೆ ಊರಿಗೆಲ್ಲ ಗೊತ್ತು. ಮದುವೆಯಾಗಲಿಲ್ಲ, ಶಾಲೆಯೇ ಸಂಸಾರ. ಒಂದನೇ ತರಗತಿಯಲ್ಲಿ ನಿಂತು ಮಗ್ಗಿ ಹೇಳಿಸಿದರೆ ಮೂರನೇ ಬೀದಿಯ ಮಕ್ಕಳು ಮನೆಯಲ್ಲೇ ಕೂತು ಕಲಿಯಬಹುದಿತ್ತು, ಅಂಥ ಗಂಟಲು. ನಾಲ್ಕು ವರ್ಷಕ್ಕೆ ಚಿಕ್ಕವರು ಧರಣಣ್ಣ. ಮದುವೆ ಮುಂಜಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇತ್ತು ಅವರದು. ತಂದೆ ಬಿಟ್ಟುಹೋದ ಮನೆಯನ್ನು ಎರಡು ಭಾಗ ಮಾಡಿಕೊಂಡು, ಎಡಗಡೆ ಅಕ್ಕ, ಬಲಗಡೆ ತಮ್ಮ ಮತ್ತು ಅವರ ಹೆಂಡತಿ ವಿಜಯಮ್ಮ ಇದ್ದರು. ಗೇಟು ಒಂದೇ, ಒಳಗಿನ ದಾರಿಯೂ ಒಂದೇ. ನಲವತ್ತು ಅಡಿ ಹೋಗಿ ಎರಡು ಜಗಲಿಗಳ ನಡುವೆ ಅದು ಮುಗಿಯುತ್ತದೆ.

ಮೂವತ್ತೊಂದು ವರ್ಷದ ಹಿಂದೆ ಆ ದಾರಿ ಹಾಕುವಾಗ ಗೇಟಿನ ಪಕ್ಕದಲ್ಲಿ ಒಂದು ಸಂಪಿಗೆ ಮರವಿತ್ತು. ಚಂಪಕ್ಕ ಹುಟ್ಟಿದ ವರ್ಷ ಅವರ ತಾಯಿ ನೆಟ್ಟದ್ದು. ಅಪ್ಪ ನೋಡಿ, "ಇದು ಇದ್ರೆ ಐದೇ ವರ್ಷ. ಬೇರು ಎಬ್ಬಿಸಿ ಹಾಕಿಬಿಡುತ್ತೆ" ಎಂದರು. ಆಗ ನನಗೆ ಇಪ್ಪತ್ತೆರಡು, ಪಕ್ಕದಲ್ಲೇ ನಿಂತು ಜಲ್ಲಿ ಬುಟ್ಟಿ ಸುರಿಯುತ್ತಿದ್ದೆ. ಧರಣಣ್ಣ ಎರಡು ದಿನ ಯೋಚನೆ ಮಾಡಿದರು. ಮೂರನೇ ದಿನ, ಅಕ್ಕ ಶಾಲೆಯ ಪರೀಕ್ಷೆ ಕೆಲಸಕ್ಕೆ ಪಕ್ಕದೂರಿಗೆ ಹೋಗಿದ್ದಾಗ, ಮರ ಕಡಿಸಿ ಬೇರು ತೆಗೆಸಿ ದಾರಿ ಹಾಕಿಸಿಯೇಬಿಟ್ಟರು. ಕೇಳಿದರೆ ಬೇಡ ಎನ್ನುತ್ತಾಳೆ, ಆದಮೇಲೆ ಎರಡು ದಿನ ಬೈದು ಸುಮ್ಮನಾಗುತ್ತಾಳೆ ಎಂದು ಅವರ ಲೆಕ್ಕಾಚಾರ.

ಚಂಪಕ್ಕ ಸಂಜೆ ಬಂದರು. ಡಾಂಬರಿನಿಂದ ಇನ್ನೂ ಹಬೆ ಏಳುತ್ತಿತ್ತು. ಮರ ಇದ್ದ ಜಾಗವನ್ನು ನೋಡಿದರು, ಚಪ್ಪಲಿ ಬಿಡದೆ ನೇರ ದಾರಿಯ ಮಧ್ಯಕ್ಕೆ ನಡೆದರು. ಅಪ್ಪ, "ಅಮ್ಮಾ, ಇನ್ನೂ ಆರಿಲ್ಲ, ಬಾಯಿ ಬಿಡಬೇಡಿ" ಎಂದು ಕೂಗುತ್ತಿದ್ದ ಹಾಗೆಯೇ, "ಈ ಡಾಂಬರು ಇರೋವರೆಗೂ ಧರಣಿ ಜೊತೆ ನಾನು ಮಾತಾಡಲ್ಲ" ಎಂದುಬಿಟ್ಟರು. ಧರಣಣ್ಣನೂ ಬಿಸಿರಕ್ತದವರೇ. ಜಗಲಿಯಿಂದ ಇಳಿದು ಬಂದು, "ನಾನೂ ಅಷ್ಟೇ" ಎಂದರು. ಅಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡು ಅಲ್ಲೇ ಕೂತರು. ಅಷ್ಟು ಚೆನ್ನಾಗಿ ಹಾಕಿದ್ದೆನಲ್ಲೋ ಎಂದು ದಾರಿಯುದ್ದಕ್ಕೂ ಪೇಚಾಡುತ್ತಾ ಮನೆಗೆ ಬಂದದ್ದು ನನಗೆ ನೆನಪಿದೆ.

ಸಿಟ್ಟು ನಾಲ್ಕೈದು ವರ್ಷಕ್ಕೇ ಸವೆಯಿತು. ಡಾಂಬರು ಸವೆಯಲಿಲ್ಲ. ಧರಣಣ್ಣ ಒಂದು ಸಲ ಅಕ್ಕನ ಜಗಲಿಗೆ ಹೋಗಿ ಬಾಯಿ ತೆರೆದು ನೋಡಿದರು, ಬರೀ ಗಾಳಿ ಬಂತು. ಚೀಟಿ ಬರೆಯಲು ಕೂತರು, ಪೆನ್ನು ನಡೆಯಲಿಲ್ಲ. ಚಂಪಕ್ಕನೂ ಒಮ್ಮೆ ಗೋಡೆಯ ಈಚೆಯಿಂದ ತಮ್ಮನ ಹೆಸರು ಹಿಡಿದು ಕರೆಯಲು ಹೋಗಿ, ಗಂಟಲು ಕಟ್ಟಿ ಕಣ್ಣಲ್ಲಿ ನೀರು ತುಂಬಿಕೊಂಡರಂತೆ. ಆಮೇಲೆ ಇಬ್ಬರೂ ಪ್ರಯತ್ನ ಮಾಡಲಿಲ್ಲ. ನಮ್ಮೂರಿನಲ್ಲಿ ಎರಡನೇ ಸಲ ಯಾರೂ ಪ್ರಯತ್ನ ಮಾಡುವುದಿಲ್ಲ, ಅದು ಅಷ್ಟು ನಾಚಿಕೆಗೇಡಿನ ಅನುಭವ. ಕೊಡುವುದು ತೆಗೆದುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಹೋಳಿಗೆ ಮಾಡಿದ ದಿನ ತಟ್ಟೆ ಆಚೆ ಹೋಗುತ್ತಿತ್ತು, ಮಾವಿನಕಾಯಿ ಬಂದಾಗ ಬುಟ್ಟಿ ಈಚೆ ಬರುತ್ತಿತ್ತು. ಮಾತಿಗೆ ಮಧ್ಯೆ ವಿಜಯಮ್ಮ ಇದ್ದರು. "ನಿಮ್ಮಕ್ಕ ಹೀಗಂದ್ರು", "ನಿಮ್ಮ ತಮ್ಮ ಹಾಗಂದ್ರು" ಎಂದು ಆ ಹೆಣ್ಣುಮಗಳು ಇಪ್ಪತ್ತೊಂದು ವರ್ಷ ಎರಡು ಜಗಲಿಗೂ ಓಡಾಡಿದರು. ದಾರಿಯ ಆರೈಕೆಗೆ ನಾನು ಮೂರು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹಾಳುಬಿಡೋಣ ಎಂದು ಇಬ್ಬರಿಗೂ ಮನಸ್ಸಿನಲ್ಲಿ ಇತ್ತೋ ಏನೋ. ಆದರೆ ಮಾತು ತಪ್ಪಿಸಿಕೊಳ್ಳಲು ಮೊದಲು ಹೊರಟದ್ದು ತಾನು ಅನ್ನಿಸಿಕೊಳ್ಳುವುದು ಇಬ್ಬರಿಗೂ ಬೇಡವಾಗಿತ್ತು.

ಹತ್ತು ವರ್ಷದ ಹಿಂದೆ ವಿಜಯಮ್ಮ ತೀರಿಕೊಂಡರು. ಅದಾದ ತಿಂಗಳಿಗೇ ಧರಣಣ್ಣನಿಂದ ನನಗೆ ಕರೆ ಬಂತು. "ದಾರಿಯಲ್ಲಿ ಬಿರುಕು ಬಿಟ್ಟಿದೆ, ಬಂದು ನೋಡು." ಹೋಗಿ ನೋಡಿದೆ, ನಿಜವಾಗಿಯೂ ಒಂದು ಕೂದಲೆಳೆಯಷ್ಟು ಬಿರುಕಿತ್ತು. ತುಂಬಿ ಹೋಗುತ್ತೇನೆ ಎಂದೆ. "ಇಲ್ಲ, ಕಿತ್ತು ತೇಪೆ ಹಾಕು, ಪೂರ್ತಿ ಕೆಲಸ ಮಾಡು" ಎಂದರು. ಮುಂದಿನ ತಿಂಗಳು ಚಂಪಕ್ಕ ಹೇಳಿಕಳಿಸಿದರು. ಅವರ ಜಗಲಿಯ ಹತ್ತಿರ ಒಂದು ಬೊಟ್ಟಿನಷ್ಟು ಡಾಂಬರು ಎದ್ದಿತ್ತು. ಅದಕ್ಕೂ ತೇಪೆ. ಅದರ ಮುಂದಿನ ತಿಂಗಳು ಮತ್ತೆ ಧರಣಣ್ಣ. ಇವರಿಗೇನು ಹುಚ್ಚೇ, ಇಷ್ಟು ತೇಪೆ ಹಾಕಿದರೆ ದಾರಿ ಬೈರಾಗಿಯ ಜೋಳಿಗೆ ಆಗುವುದಿಲ್ಲವೇ ಎಂದು ನಾನು ಮನೆಯಲ್ಲಿ ಗೊಣಗಿದೆ. ನನ್ನ ಹೆಂಡತಿ, "ಹೋಗಿ ನೀವು ಕೆಲಸ ಮಾಡ್ತೀರೋ, ಮಾತಾಡ್ತೀರೋ?" ಎಂದು ಕೇಳಿದಳು. ಆಗ ನನಗೆ ಬೆಳಕು ಹರಿಯಿತು.

ನಾನು ಹೋದಾಗೆಲ್ಲ ಇಬ್ಬರೂ ತಮ್ಮ ತಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ನಡುವೆ ಮಂಡಿಯೂರಿ ಕೆಲಸ ಮಾಡುತ್ತಿದ್ದೆ. "ತಿರುಮಲೇಶ, ಅವನನ್ನ ಕೇಳು, ಬೆಳಿಗ್ಗೆ ಕೆಮ್ತಾ ಇದ್ದದ್ದು ಯಾಕೆ ಅಂತ" ಎನ್ನುತ್ತಿದ್ದರು ಚಂಪಕ್ಕ. ಎಂಟಡಿ ದೂರದಲ್ಲಿ ಧರಣಣ್ಣ ಎಲ್ಲ ಕೇಳಿಸಿಕೊಂಡರೂ ನಾನು ಹೇಳುವತನಕ ಕಾಯುತ್ತಿದ್ದರು. "ಧರಣಣ್ಣಾ, ಕೆಮ್ಮು ಯಾಕೆ ಅಂತ ಕೇಳ್ತಿದಾರೆ." "ಹೇಳಪ್ಪ, ಒಗ್ಗರಣೆ ಘಾಟು ಅಂತ." "ಚಂಪಕ್ಕ, ಒಗ್ಗರಣೆ ಘಾಟಂತೆ." "ಮೆಣಸಿನಕಾಯಿ ಕಮ್ಮಿ ಹಾಕು ಅಂತ ಹೇಳು ಅವನಿಗೆ, ವಯಸ್ಸಾಯ್ತು." ಹೀಗೆ. ಅರ್ಧ ಗಂಟೆಯ ಕೆಲಸವನ್ನು ಮೂರು ಗಂಟೆ ಎಳೆಯುವುದನ್ನು ನಾನು ಕಲಿತೆ. ಕಾಫಿ ಎರಡೂ ಕಡೆಯಿಂದ ಬರುತ್ತಿತ್ತು, ಎರಡನ್ನೂ ಕುಡಿಯಬೇಕಾಗಿತ್ತು. ಮಳೆಗಾಲ ಬಿಟ್ಟು ಹತ್ತು ವರ್ಷ, ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ ಹೋಗಿದ್ದೇನೆ. ಒಂದೊಂದು ಸಲವೂ ಒಂದು ತುಂಡು ಕಿತ್ತು ಒಂದು ತುಂಡು ಹಾಕಿದ್ದೇನೆ.

ಈ ವರ್ಷ ಮಳೆ ಶುರುವಾಗುವ ಮುಂಚೆ ಚಂಪಕ್ಕ ಕರೆಸಿದರು. ಸ್ವರ ಒಡೆದಿತ್ತು, ನೆಗಡಿ ಇರಬೇಕು ಎಂದುಕೊಂಡೆ. ನಾನು ಹಳೆಯ ತೇಪೆಯೊಂದರ ಅಂಚು ಕತ್ತರಿಸುತ್ತಿದ್ದೆ.

"ತಿರುಮಲೇಶ, ಅವನಿಗೆ ಹೇಳು, ಗಂಟಲೊಳಗೆ ಗಡ್ಡೆ ಇದೆಯಂತೆ."

ಉಳಿ ಕೈಯಲ್ಲೇ ಉಳಿಯಿತು. ಧರಣಣ್ಣನ ಕಡೆ ನೋಡಿದೆ. ಅವರಿಗೆ ಕೇಳಿಸಿದೆ ಎಂದು ಮುಖವೇ ಹೇಳುತ್ತಿತ್ತು. ಆದರೂ ಅವರು, "ಏನಂತೆ?" ಎಂದು ನನ್ನನ್ನು ಕೇಳಿದರು.

"ಗಡ್ಡೆಯಂತೆ ಧರಣಣ್ಣ. ಗಂಟಲಲ್ಲಿ."

"ಒಳ್ಳೇದೋ ಕೆಟ್ಟದ್ದೋ ಕೇಳು."

"ಕೆಟ್ಟದ್ದು ಅಂತ ಹೇಳಪ್ಪ" ಎಂದರು ಚಂಪಕ್ಕ. "ಮೂರು ತಿಂಗಳು ಕರೆಂಟು, ಅದೇ ರೇಡಿಯೇಶನ್ನು, ಕೊಟ್ಟು ನೋಡ್ತಾರಂತೆ. ಬಗ್ಗದೇ ಇದ್ರೆ ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಜೀವಕ್ಕೆ ತೊಂದ್ರೆ ಇಲ್ಲ, ಸ್ವರ ಹೋಗುತ್ತೆ ಅಷ್ಟೇ ಅಂದ್ರು ಡಾಕ್ಟ್ರು."

ನಾನು ಅದನ್ನು ತಿರುಗಿ ಹೇಳಬೇಕಾಗಿತ್ತು. ಅರ್ಧ ಹೇಳಿದೆ, ಉಳಿದದ್ದು ಬರಲಿಲ್ಲ. ಧರಣಣ್ಣ ಎದ್ದು ಒಳಗೆ ಹೋದರು. ತುಂಬ ಹೊತ್ತಾದ ಮೇಲೆ ಒಂದು ಲೋಟ ಬಿಸಿನೀರು ತಂದು, ದಾರಿ ದಾಟಿ, ಅಕ್ಕನ ಜಗಲಿಯ ಮೇಲಿಟ್ಟು ವಾಪಸು ಬಂದು ಕೂತರು. "ಬಿಸಿನೀರೇ ಕುಡೀಬೇಕು ಅಂತ ಹೇಳು" ಎಂದರು. ಆ ದಿನ ನಾನು ಹಾಕಿದ ತೇಪೆ ಸೊಟ್ಟಗಾಯಿತು.

ಹೊರಡುವಾಗ ಚಂಪಕ್ಕ ಗೇಟಿನ ತನಕ ಬಂದರು. "ಒಂದು ಕೇಳ್ತೀನಿ, ಇಲ್ಲ ಅನ್ನಬೇಡ. ಆಪರೇಶನ್ನಿಗೆ ಮುಂಚೆ ಈ ಡಾಂಬರು ಮುಗಿಯೋ ಹಾಗೆ ಮಾಡು."

"ಅಕ್ಕಾ, ಹಾರೆ ಹಾಕಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಏನು ಹೇಳಬೇಕೋ ನನ್ನ ಹತ್ರ ಹೇಳಿ, ನಾನು ಒಂದಕ್ಷರ ಬಿಡದೆ ಹೇಳ್ತೀನಿ."

"ನಿನ್ನ ಬಾಯಿಂದ ಹತ್ತು ವರ್ಷ ಹೇಳಿಸಿದ್ದಾಯ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದೋಳು ಕಣೋ ನಾನು ಅವನನ್ನ. ನನ್ನ ಬಾಯಿಂದ ಒಂದು ಸಲ ಅವನನ್ನ ಚೆನ್ನಾಗಿ ಬೈಬೇಕು. ಸ್ವರ ಇರುವಾಗ್ಲೇ."

ನನಗೆ ಆ ಹೊತ್ತಿನಲ್ಲಿ ಅಪ್ಪನ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು. ಆ ಮರವೊಂದು ಇದ್ದಿದ್ದರೆ ಇಪ್ಪತ್ತಾರು ವರ್ಷದ ಹಿಂದೆಯೇ ಎಲ್ಲ ಮುಗಿದಿರುತ್ತಿತ್ತು. ನಾನು ಕಲಿತ ವಿದ್ಯೆಯನ್ನು ತಿರುಗುಮುರುಗು ಮಾಡೋಣ ಎಂದು ತೀರ್ಮಾನಿಸಿದೆ. ಒಡೆಯಬಾರದು ನಿಜ, ನೋಡಿಕೊಳ್ಳಲೇಬೇಕು ಎಂದು ಎಲ್ಲೂ ಇಲ್ಲವಲ್ಲ. ಊರು ಆಡಿಕೊಳ್ಳುವುದಾದರೆ ಆಡಿಕೊಳ್ಳಲಿ ಎಂದು ಧರಣಣ್ಣನಿಗೂ ಹೇಳಿದೆ. ಅವರು, "ನಾಳೆಯಿಂದ ಅಂಗಡಿಯ ಲಾರಿ ಒಳಗೇ ನಿಲ್ಲಲಿ" ಎಂದರು. ಒಂದು ನಿಮಿಷವೂ ಯೋಚಿಸಲಿಲ್ಲ.

ಮಳೆಗಾಲವೆಲ್ಲ ನಾವು ಆ ದಾರಿಯನ್ನು ಹಾಳುಮಾಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಿರುಕು ತುಂಬಲಿಲ್ಲ, ಲೇಪ ಕೊಡಲಿಲ್ಲ. ತೂಬಿನಲ್ಲಿ ಎಲೆ ಕಟ್ಟಿಕೊಂಡು ನೀರು ನಿಲ್ಲಲು ಬಿಟ್ಟೆವು. ಹಂಡೆ ಕೊಪ್ಪರಿಗೆ ತುಂಬಿದ ಲಾರಿ ಅಂಚಿನ ಮೇಲೆ ದಿನವೂ ನಿಂತಿತು, ಡೀಸೆಲ್ ಸೋರಿದರೂ ಒರೆಸಲಿಲ್ಲ. ಅಂಚಿನಲ್ಲಿ ಗರಿಕೆ ಎದ್ದಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಟೀಚರಮ್ಮನೋರು ಈ ವಯಸ್ಸಿನಲ್ಲಿ ಕೊಟ್ಟ ಮಾತಿಂದ ತಪ್ಪಿಸ್ಕೊಳ್ಳೋಕೆ ಹೊರಟಿದಾರಲ್ಲ" ಎಂದು ಟೈಲರ್ ಗುರುಬಸಪ್ಪನೇ ನನ್ನ ಹತ್ತಿರ ಹೇಳಿದ, ಹೇಳುವ ಯೋಗ್ಯತೆ ನೋಡಿ ಅವನದು. ಇಷ್ಟಾದರೂ ದಾರಿ ಅಲುಗಲಿಲ್ಲ. ಅಲ್ಲೊಂದು ಕಡೆ ಇಲ್ಲೊಂದು ಕಡೆ ಬಣ್ಣ ಮಾಸಿತು, ಅಷ್ಟೇ. ಅಡಿಯ ಜಲ್ಲಿ ಅಪ್ಪ ಬಡಿದದ್ದು, ಮೇಲಿನ ತೇಪೆ ನಾನು ಹಾಕಿದ್ದು. ನನ್ನ ಕೆಲಸ ಗಟ್ಟಿಯಾಗಿದೆ ಎಂದು ನನಗೆ ಅಷ್ಟು ದುಃಖವಾದದ್ದು ಅದೇ ಮೊದಲು.

ಕರೆಂಟಿಗೆ ಗಡ್ಡೆ ಬಗ್ಗಲಿಲ್ಲ. ನವರಾತ್ರಿ ಮುಗಿದ ಮೂರನೇ ದಿನ, ಬುಧವಾರ, ಆಪರೇಶನ್ನು ಎಂದು ಗೊತ್ತಾಯಿತು. ಮಂಗಳವಾರ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಬೇಕು. ಸೋಮವಾರ ಮಧ್ಯಾಹ್ನ ನಾನು ಬರಿಗೈಯಲ್ಲಿ ಅವರ ಮನೆಗೆ ಹೋದೆ. ಮಾಡಲು ಏನೂ ಕೆಲಸವಿರಲಿಲ್ಲ, ಇವತ್ತಾದರೂ ಮಧ್ಯೆ ಒಬ್ಬ ಇರಬೇಕಲ್ಲ ಎಂದು ಹೋದೆ. ಇಬ್ಬರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಂಪಕ್ಕನ ಕತ್ತಿಗೆ ಒಂದು ಟವೆಲು. ಯಾರೂ ನನಗೆ ಏನನ್ನೂ ಹೇಳು ಎನ್ನಲಿಲ್ಲ. ಕೂರಲಾರದೆ ನಾನು ಮಂಡಿಯೂರಿ ದಾರಿಯನ್ನು ನೋಡುತ್ತಾ ಹೋದೆ. ಎಲ್ಲಾದರೂ ಅಪ್ಪನ ಡಾಂಬರು ಸಡಿಲವಾಗಿದೆಯೇ, ಎಲ್ಲಾದರೂ ಕೊನೆಯುಸಿರು ಎಳೆಯುತ್ತಿದೆಯೇ ಎಂದು ಹುಡುಕಿದೆ.

ಅಪ್ಪನ ಡಾಂಬರನ್ನು ಗುರುತು ಹಿಡಿಯಲು ಗುಂಡು ಮುದ್ರೆ ಹುಡುಕಬೇಕು. ಚಂಪಕ್ಕನ ಜಗಲಿಯ ಕೆಳಗಿನಿಂದ ಶುರುಮಾಡಿದೆ. ಮೂರು ಮೂಲೆ, ಮೂರು ಮೂಲೆ, ಮತ್ತೆ ಮೂರು ಮೂಲೆ. ಧರಣಣ್ಣನ ನೀರಿನ ತೊಟ್ಟಿಯ ಪಕ್ಕದಲ್ಲೂ ನನ್ನದೇ. ಮಧ್ಯದಲ್ಲೂ ನನ್ನದೇ. ತೇಪೆಯ ಗೆರೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಹಿಂಬಾಲಿಸಿದೆ. ಒಂದು ತೇಪೆ ಮುಗಿದಲ್ಲಿ ಇನ್ನೊಂದು ತೇಪೆ ಹಿಡಿದಿತ್ತು, ಎಲ್ಲೂ ನಡುವೆ ಹಳತು ಉಳಿದಿರಲಿಲ್ಲ. ಗೇಟಿನ ಬಳಿ ಅಪ್ಪನ ಕೊನೆಯ ಮುದ್ರೆಯಿದ್ದ ಗೇಣಗಲದ ತುಂಡನ್ನು ಯಾವಾಗ ಕಿತ್ತೆ ಎಂದು ನೆನಪು ಮಾಡಿಕೊಂಡೆ. ನಾಲ್ಕು ವರ್ಷದ ಹಿಂದೆ. ಅದಾದ ಮೇಲೆ ನಾನು ಕಿತ್ತದ್ದೆಲ್ಲ ನನ್ನದೇ ತೇಪೆ. ಸೈಕಲ್ಲಿನವರು ಎಡವುತ್ತಾರೆ ಎಂದು ಧರಣಣ್ಣ ಕರೆಸಿದ್ದರು. ಒಡೆಯಬೇಕೆಂದು ತೆಗೆದದ್ದಲ್ಲ ಅದು, ಉಳಿಸಬೇಕೆಂದು ತೆಗೆದದ್ದು.

ಊರಿನ ತುಂಬ ನಾನು ತೇಪೆ ಹಾಕಿದ ದಾರಿಗಳಿವೆ, ಅವುಗಳ ಮೇಲೆ ಎಷ್ಟೋ ಸಂಸಾರಗಳು ನಿಂತಿವೆ. ಈ ಮಾತು ಬಾಯಿಬಿಟ್ಟರೆ ನಾಳೆ ಯಾರು ಯಾರು ಯಾವ ಯಾವ ಮಾತು ಮುರಿಯುತ್ತಾರೋ, ನನ್ನನ್ನು ಮತ್ತೆ ಯಾರಾದರೂ ಕರೆಯುತ್ತಾರೋ ಇಲ್ಲವೋ. ಇದೆಲ್ಲ ತಲೆಯಲ್ಲಿ ಬಂದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಚಂಪಕ್ಕನ ಕತ್ತಿನ ಟವೆಲು ಕಣ್ಣೆದುರಿಗೇ ಇತ್ತು.

"ಚಂಪಕ್ಕ, ಧರಣಣ್ಣ" ಎಂದೆ, ಮಂಡಿಯ ಮೇಲಿಂದ ಏಳದೆಯೇ. "ತಪ್ಪಾಗಿಹೋಗಿದೆ. ಅಪ್ಪ ಹಾಕಿದ ಡಾಂಬರು ಇಲ್ಲಿ ಒಂದು ಚೂರೂ ಇಲ್ಲ. ಎಲ್ಲಾ ನಾನು ಹಾಕಿದ ತೇಪೇನೇ. ನೀವು ನಿಂತು ಮಾತು ಕೊಟ್ಟ ಡಾಂಬರು ಮುಗಿದು ನಾಲ್ಕು ವರ್ಷ ಆಯ್ತು."

ಅರ್ಥವಾಗಲಿಲ್ಲವೇನೋ ಎಂದು ನಾನು ಮುದ್ರೆಗಳನ್ನು ತೋರಿಸಿ ಮತ್ತೆ ಹೇಳತೊಡಗಿದೆ. ಅಷ್ಟರಲ್ಲಿ ಚಂಪಕ್ಕ ಕುರ್ಚಿಯಿಂದ ಎದ್ದರು.

"ನಾಲ್ಕು ವರ್ಷ!" ಎಂದರು. ಒಡೆದ ಸ್ವರದಲ್ಲೂ ಹಳೆಯ ಟೀಚರು ಕಾಣಿಸಿಕೊಂಡರು. "ನಾಲ್ಕು ವರ್ಷದಲ್ಲಿ ಒಂದೇ ಒಂದ್ಸಲ ಬಾಯಿ ಬಿಟ್ಟು ನೋಡಬಾರ್ದಿತ್ತೇನೋ ಧರಣಿ?"

"ನೀನು ನೋಡಿದ್ಯಾ?" ಎಂದು ಧರಣಣ್ಣ ಅಷ್ಟೇ ಜೋರಾಗಿ ಎದ್ದರು. "ದೊಡ್ಡೋಳು ನೀನು, ನೀನು ಕರೀಬೇಕಾಗಿತ್ತು!"

"ಮರ ಕಡಿದೋನು ನೀನು, ನಾನ್ಯಾಕೆ ಕರೀಲಿ?"

ಹತ್ತು ವರ್ಷದ ಅಭ್ಯಾಸ ನೋಡಿ, ನಾನು ಧರಣಣ್ಣನ ಕಡೆ ತಿರುಗಿ, "ಮರ ಕಡಿದದ್ದು ನೀವಂತೆ, ಅವರು ಯಾಕೆ..." ಎಂದು ಶುರುಮಾಡಿಬಿಟ್ಟೆ.

"ಕೇಳಿಸ್ತು ಕಣೋ!" ಎಂದು ಅವರು ನನ್ನ ಮೇಲೆ ರೇಗಿದರು. ರೇಗಿದವರು ಹಾಗೇ ಬಾಯಿ ತೆರೆದುಕೊಂಡು ನಿಂತರು. ಚಂಪಕ್ಕನೂ ನಿಂತರು. ತಾವು ಮಾಡುತ್ತಿರುವುದೇನು ಎಂದು ಇಬ್ಬರಿಗೂ ಆಗಲೇ ತಿಳಿದದ್ದು. ಧರಣಣ್ಣ ಮೆಲ್ಲಗೆ, ಒಡೆದುಹೋಗುವ ವಸ್ತುವನ್ನು ಎತ್ತಿಕೊಂಡ ಹಾಗೆ, "ಅಕ್ಕಾ" ಎಂದರು. ಸ್ವರ ಬಂತು. ಚಂಪಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಅತ್ತೆ. ಐವತ್ಮೂರು ವರ್ಷದ ಗಂಡಸು, ಡಾಂಬರಿನ ಮೇಲೆ ಮಂಡಿಯೂರಿಕೊಂಡು, ನಾಚಿಕೆಯಿಲ್ಲದೆ ಅತ್ತೆ.

ಆಮೇಲೆ ಧರಣಣ್ಣ ತಮ್ಮ ಕುರ್ಚಿಯನ್ನು ಎತ್ತಿಕೊಂಡು ದಾರಿ ದಾಟಿ ಅಕ್ಕನ ಜಗಲಿಗೆ ಬಂದರು. "ಸ್ವರಕ್ಕೆ ಆಯಾಸ ಮಾಡಬಾರ್ದು ಅಂತ ಡಾಕ್ಟ್ರು ಹೇಳಿದಾರೆ" ಎಂದರು ಚಂಪಕ್ಕ, ಹೇಳಿದ ತಕ್ಷಣವೇ ಮರದ ವಿಷಯಕ್ಕೆ ಬಂದರು. ಅಮ್ಮ ನೆಟ್ಟ ಮರ, ಒಂದು ಮಾತು ಕೇಳಲಿಲ್ಲವಲ್ಲ ಎಂದು. ಧರಣಣ್ಣ ಏನೋ ಸಮಜಾಯಿಷಿ ಹೇಳಿದರು, ಅಕ್ಕ ಅದನ್ನು ಅಲ್ಲೇ ತುಂಡು ಮಾಡಿದರು. ನಾನು ಯಾರ ಕಡೆಗೆ ನೋಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದೆ. ಯಾರೂ ನನಗೆ ಏನನ್ನೂ ಹೇಳು ಎನ್ನಲಿಲ್ಲ. ಕಾಫಿ ಕೊಡುವುದನ್ನೂ ಮರೆತರು. ಬಿಸಿಲು ಇಳಿಯುತ್ತಿರುವಾಗ ಗೇಟು ಹಾಕಿಕೊಂಡು ಮನೆಗೆ ಬಂದೆ, ಬೀದಿಯ ಕೊನೆಯವರೆಗೂ ಅವರ ಜಗಳ ಕೇಳಿಸುತ್ತಿತ್ತು.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಮತ್ತೆ ಹೋದೆ. ಗೇಟಿನ ಮುಂದೆ ಬಾಡಿಗೆ ಕಾರು ನಿಂತಿತ್ತು. ಚಂಪಕ್ಕ ಹಿಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಪ್ಲಾಸ್ಕು ಇಟ್ಟುಕೊಂಡಿದ್ದರು. ಕಣ್ಣು ಊದಿತ್ತು, ಮುಖ ಮಾತ್ರ ನಿರಾಳವಾಗಿತ್ತು. "ಹೋಗಿ ಬನ್ನಿ ಅಕ್ಕ" ಎಂದೆ. ಅವರು ಕೈಯೆತ್ತಿದರು, ಬಾಯಿ ತೆರೆದರು, ಏನೂ ಕೇಳಿಸಲಿಲ್ಲ.

ಧರಣಣ್ಣ ಬ್ಯಾಗನ್ನು ಹಿಂದೆ ಇಡುತ್ತಿದ್ದರು. ಅವರನ್ನು ಪಕ್ಕಕ್ಕೆ ಕರೆದು, "ಆ ಮಾತು ಮತ್ತೆ ಹಿಡ್ಕೊಳ್ತಾ? ನನ್ನ ತೇಪೆ..." ಎಂದು ಕೇಳಲು ಹೋದೆ.

"ಇಲ್ಲಪ್ಪ. ಅದೇನಿಲ್ಲ. ಮಾತಾಡಿ ಮಾತಾಡಿ ಹೋಯ್ತು. ನಾಳೆ ಡಾಕ್ಟ್ರು ತೆಗೆಯೋಕೆ ಏನೂ ಉಳಿಸಿಲ್ಲ ಇವಳು." ಅವರ ಸ್ವರವೂ ಬಿದ್ದುಹೋಗಿತ್ತು. "ಮರದ ವಿಷಯ ಮುಗಿಯೋ ಹೊತ್ತಿಗೆ ದೀಪ ಹಚ್ಚಿದ್ವಿ. ಆಮೇಲೆ ವಿಜಯನ ವಿಷಯ. ನಾನು ಅವಳನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ. ಅಮ್ಮ ಯಾರಿಗೆ ಜಾಸ್ತಿ ತುಪ್ಪ ಬಡಿಸ್ತಿದ್ಲು ಅಂತ. ಬೆಳಗಾಯ್ತು, ಕಾಫಿ ಮಾಡಿದೆ. ನಾನು ಮಧ್ಯೆ ಏನೋ ಹೇಳೋಕೆ ಹೋದೆ. 'ಸ್ವಲ್ಪ ಸುಮ್ನಿರೋ ಧರಣಿ, ನಾನಿನ್ನೂ ಮಾತಾಡ್ತಿದೀನಿ' ಅಂದ್ಲು. ಅಷ್ಟೇ. ಅಲ್ಲಿಗೆ ಸ್ವರ ನಿಂತುಹೋಯ್ತು."

ಡ್ರೈವರ್ ಹಾರನ್ ಹೊಡೆದ. ಧರಣಣ್ಣ ಕಾರಿನ ಬಾಗಿಲು ತೆರೆದವರು, ಹತ್ತುವ ಮುಂಚೆ ಒಂದು ಸಲ ನನ್ನ ಕಡೆ ತಿರುಗಿದರು.

"ಅವಳಿಗೆ ಅದು ಗೊತ್ತಾಗಲೇ ಇಲ್ಲ, ತಿರುಮಲೇಶ. ಲೋಟ ಕೈಯಲ್ಲಿ ಹಿಡ್ಕೊಂಡು ಮಾತಾಡ್ತಾನೇ ಇದ್ಲು, ಬರೀ ತುಟಿ. ನಾನೂ ಹೇಳಲಿಲ್ಲ. ಎಲ್ಲದಕ್ಕೂ ಹೂಂ ಅಂತಾ ಕೂತಿದ್ದೆ."